ಬಂದಳಿಕೆಯ ಬುತ್ತಿ, ಕೋಪನ್‌ಹೇಗನ್ನಿನ ಬಿಲ್ಲು

ಶಿಕಾರಿಪುರ ತಾಲೂಕಿನ ಬಂದಳಿಕೆ. ಪಾಳು ಗುಡಿಗಳ ಪಕ್ಕ, ಮರದ ನೆರಳಲ್ಲಿ ಅಕ್ಕಿರೊಟ್ಟಿ ಬುತ್ತಿ ಬಿಚ್ಚಿದೆವು. ಶುರುವಾಯ್ತು ನೋಡಿ ಭಾವನ ಡೈಲಾಗು!

"ಕೋಪನ್‌ಹೇಗನ್ನಿನ ದೊಡ್ಡ ಹೋಟ್ಲಲ್ಲಿ 18 ತಟ್ಟೆ ತಂದಿಟ್ರು ಮಾರಾಯ! ಒಂದೊಂದ್ರಲ್ಲೂ ಒಂದೇ ತುತ್ತು. ಪಾಚಿ, ಸೊಪ್ಪು, ಕೊನೆಗೆ ಇರುವೆ! ಬಿಲ್ಲು ನೋಡಿ ಹಸಿವೇ ಸತ್ತೋಯ್ತು."

ಅಕ್ಕ ತಲೆಯಾಡಿಸಿದಳು: "ನಂಗೆ ಆ ಹುಳಿ ನಾಲಿಗೆಗೆ ತಾಗಿದ್ದೇ ಅಜ್ಜಿ ಮಾಡ್ತಿದ್ದ ಚಗಳಿ ಚಟ್ನಿ ನೆನಪಾಗಿ ಅಳು ಬಂತು ಕಣೋ."

ಅದೇ ಊರಲ್ಲಿ 2003ರಲ್ಲಿ ತೆರೆದ ನೋಮಾ ಕಾಡಿನ ಸೊಪ್ಪು, ಇರುವೆ ಬಡಿಸಿ ಹೆಸರು ಮಾಡಿತು. ನಮ್ಮ ಮಲೆನಾಡ ಅಜ್ಜಿಯರು ಕಾಸು ಕೇಳದೆ ಬಡಿಸಿದ್ದರು! ಒಂದೇ ಸಿನಿಮಾಕ್ಕೆ ಒಬ್ಬನ ಶಿಳ್ಳೆ, ಪಕ್ಕದವನ ಆಕಳಿಕೆ, ಊಟವೂ ಹಾಗೇ.

10ನೇ ಶತಮಾನದಲ್ಲಿ ನಾಗರಖಂಡ ಆಳಿದ ಜಕ್ಕಿಯಬ್ಬೆ ಅನ್ನ ಬಿಟ್ಟು ಪ್ರಾಣ ಬಿಟ್ಟದ್ದು ಇಲ್ಲೇ ಅಂದೆ. ಭಾವ ಮಾತಾಡಲಿಲ್ಲ. ಅಕ್ಕನ ಕೈಗೆ ಇನ್ನೊಂದು ರೊಟ್ಟಿ ಇಟ್ಟರು.