ನೆರೆಮನೆಯ ಬಾಗಿಲು

ವಿದೇಶಕ್ಕೆ ಹೋಗಿಬಂದವರ ಮಾತು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತದೆ. ಅಲ್ಲಿಯದೆಲ್ಲ ಚಿನ್ನ ಎಂಬುದು ಒಂದು. ನಮ್ಮಲ್ಲಿ ಇಲ್ಲದ್ದು ಅಲ್ಲೇನಿದೆ ಎಂಬುದು ಇನ್ನೊಂದು. ವಾಸ್ತುಶಿಲ್ಪ ಕಲಿಯಲು ಎರಡು ವರ್ಷ ಕೋಪನ್‌ಹೇಗನ್ನಿನಲ್ಲಿದ್ದ ನನ್ನ ಶಿಷ್ಯನೊಬ್ಬ ಈ ಎರಡು ದಾರಿಯನ್ನೂ ಹಿಡಿಯಲಿಲ್ಲ. ಅವನು ಹೋದಲ್ಲೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇಲ್ಲಿ ಯಾರ ಪಕ್ಕದಲ್ಲಿ ಯಾರು ಇರಬೇಕೆಂದು ತೀರ್ಮಾನಿಸುವವರು ಯಾರು?

ಪ್ರಶ್ನೆಗೆ ಕಾರಣವಿತ್ತು. ನಮ್ಮ ಕಾಲೇಜಿನಲ್ಲಿ ಓದುತ್ತಿದ್ದಾಗ ಅವನು ಕೋಣೆಗಾಗಿ ಬೀದಿ ಬೀದಿ ಅಲೆದಿದ್ದ. ಗೇಟಿನ ಮೇಲೆ ‘ಬಾಡಿಗೆಗೆ ಇದೆ’ ಎಂಬ ಹಲಗೆ; ಬಾಗಿಲಲ್ಲಿ ನಗುಮುಖ; “ನೀವು ಯಾವ ಪೈಕಿ?” ಎಂಬ ವಿನಯದ ವಿಚಾರಣೆ, ಉತ್ತರ ಕೇಳಿದ ಮೇಲೆ, “ಅಯ್ಯೋ, ನಿನ್ನೆಯೇ ಮಾತಾಗಿಹೋಯಿತಲ್ಲಪ್ಪ!” ನಾಲ್ಕು ಮನೆಗಳಲ್ಲಿ ಅವನಿಗೆ ಎದುರಾದದ್ದು ಇದೇ ‘ನಿನ್ನೆ’.

ಡೆನ್ಮಾರ್ಕಿನಿಂದ ಅವನು ಮೊದಮೊದಲು ಬರೆದದ್ದೆಲ್ಲ ಬೆರಗಿನ ಮಾತು. ತಳ್ಳುಗಾಡಿಯಲ್ಲಿ ಮಲಗಿದ ಕೂಸನ್ನು ಹೊರಗೆ ಬಿಟ್ಟು ತಾಯಿ ಹೋಟೆಲಿನೊಳಗೆ ಕಾಫಿ ಕುಡಿಯುತ್ತಾಳೆ. ಹಳ್ಳಿಯ ರಸ್ತೆಯ ಬದಿಯಲ್ಲಿ ಆಲೂಗಡ್ಡೆ ಇಟ್ಟು, ಪಕ್ಕದಲ್ಲಿ ಹಣದ ಡಬ್ಬಿ ಇಟ್ಟು, ರೈತ ತನ್ನ ಪಾಡಿಗೆ ತಾನು ಹೋಗುತ್ತಾನೆ. ಆದರೆ ಬಸ್ಸಿನಲ್ಲಿ ಪಕ್ಕ ಕುಳಿತವನು ತುಟಿ ಬಿಚ್ಚುವುದಿಲ್ಲ. “ಮೇಷ್ಟ್ರೇ, ಕೂಸನ್ನೇ ಬೀದಿಗೆ ನಂಬಿ ಬಿಡುವ ಜನ, ಎರಡು ಮಾತಿಗೆ ಇಷ್ಟು ಜಿಪುಣತನ ಮಾಡುತ್ತಾರಲ್ಲ!” ಎಂದು ಬರೆದಿದ್ದ.

ಮಾತಿಗೆ ಜಿಪುಣರಾದ ಈ ಜನವೇ ಕೂಡಿ ಬಾಳುವ ಹಲವು ಪ್ರಯೋಗಗಳನ್ನು ಮಾಡಿದ್ದಾರೆ. 1967ರಲ್ಲಿ ಬೋಡಿಲ್ ಗ್ರೋ ಎಂಬ ಮಹಿಳೆ ‘ಪೊಲಿಟಿಕೆನ್’ ಪತ್ರಿಕೆಯಲ್ಲಿ, ಮಕ್ಕಳಿಗೆ ನೂರು ಮಂದಿ ತಂದೆತಾಯಿಯರಿರಬೇಕು ಎಂದು ಒಂದು ಲೇಖನ ಬರೆದರು. ಬರಿಯ ಲೇಖನ! ಆದರೆ ಅದರ ಫಲವಾಗಿ ಸಮಾನ ಮನಸ್ಸಿನ ಕುಟುಂಬಗಳು ಒಟ್ಟುಗೂಡಿ, 1972ರಲ್ಲಿ ಹಿಲರೋಡ್ ಪಟ್ಟಣದ ಬಳಿ ಸೆಟ್ಟೆಡಾಮೆನ್ ಎಂಬ ವಸತಿಯೇ ಎದ್ದಿತು. ಇಪ್ಪತ್ತೇಳು ಮನೆಗಳು, ನಡುವೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಮನೆ. ಆ ಮಾದರಿಯ ವಸತಿಗಳು ಈಗ ಆ ದೇಶದಲ್ಲಿ ಎಷ್ಟೋ ಇವೆ. ಅಂಥದೊಂದರಲ್ಲಿ ನನ್ನ ಶಿಷ್ಯ ಒಂದು ಸಂಜೆ, ನಿವೃತ್ತರಾದ ಹಿರಿಯರೊಬ್ಬರ ಪಕ್ಕ ನಿಂತು ಮೂವತ್ತು ಜನರ ಅಡಿಗೆಗೆ ಈರುಳ್ಳಿ ಹೆಚ್ಚಿದ. ಅವರು ಬಾಯ್ತುಂಬ ಮಾತನಾಡಿದರಂತೆ. ಊಟವಾದ ಮೇಲೆ ಎಲ್ಲರೂ ತಮ್ಮ ತಮ್ಮ ಮನೆ ಸೇರಿ ಬಾಗಿಲು ಹಾಕಿಕೊಂಡರು. ನಮ್ಮ ಹಳೆಯ ವಠಾರಗಳಲ್ಲಿ ಕೊಡು-ಕೊಳ್ಳುವಿಕೆಯೇನೋ ಧಾರಾಳವಾಗಿತ್ತು. ಬೇಕೆಂದಾಗ ಹಾಕಿಕೊಳ್ಳುವ ಬಾಗಿಲು ಇರಲಿಲ್ಲ.

ಅವನ ಮನಸ್ಸನ್ನು ಕಲಕಿದ್ದು ಕೋಪನ್‌ಹೇಗನ್ನಿನೊಳಗೇ ಇರುವ ಕ್ರಿಸ್ಟಿಯಾನಿಯ. ಸೈನ್ಯ ಬಿಟ್ಟುಹೋಗಿದ್ದ ಬ್ಯಾರಕ್ಕುಗಳಿಗೆ 1971ರಲ್ಲಿ ಜನ ನುಗ್ಗಿ ನೆಲಸಿದ ಜಾಗ ಅದು. ಕಾರುಗಳಿಗೆ ಪ್ರವೇಶವಿಲ್ಲ. ಮನೆಯನ್ನು ಯಾರೂ ಸ್ವಂತದ್ದೆಂದು ಮಾರುವಂತಿಲ್ಲ. ಸಭೆಯಲ್ಲಿ ಕೈಯೆತ್ತಿಸಿ ಎಣಿಸುವುದಿಲ್ಲ. ಎಲ್ಲರೂ ಒಪ್ಪುವವರೆಗೆ ಮಾತು ನಡೆಯುತ್ತದೆ. ಸರಕಾರದೊಡನೆ ವರ್ಷಾನುಗಟ್ಟಲೆ ಜಗ್ಗಾಡಿ, 2012ರಲ್ಲಿ ತಮ್ಮದೇ ಪ್ರತಿಷ್ಠಾನದ ಹೆಸರಿನಲ್ಲಿ ಅವರು ನೆಲವನ್ನು ಕೊಂಡುಕೊಳ್ಳತೊಡಗಿದರು. ಸ್ವಾತಂತ್ರ್ಯದ ಕೊಳೆಯನ್ನೂ ಉಂಡವರು ಅವರು: ಗಾಂಜಾ ಮಾರುವ ಬೀದಿ ಪುಂಡರ ಪಾಲಾಗಿ, 2023ರಲ್ಲಿ ಗುಂಡೇಟಿಗೆ ಒಂದು ಜೀವ ಹೋಯಿತು. 2024ರ ಏಪ್ರಿಲಿನಲ್ಲಿ ನಿವಾಸಿಗಳೇ ಆ ಬೀದಿಯ ಕಲ್ಲುಗಳನ್ನು ಕಿತ್ತುಹಾಕಿದರು.

ಅಲ್ಲಿ ಮನೆಯೊಂದು ಖಾಲಿಯಾದರೆ? ಹಣ ಯಾರನ್ನೂ ಒಳಗೆ ಬಿಡಲಾರದು. ಹೊಸಬರನ್ನು ಆರಿಸುವವರು ಅಲ್ಲಿಯ ನೆರೆಹೊರೆಯವರೇ. ಇದನ್ನು ಕೇಳಿ ನನ್ನ ಹುಡುಗ ಬೆಚ್ಚಿದ. “ದುಡ್ಡು ‘ಎಷ್ಟಿದೆ?’ ಎಂದು ಕೇಳುತ್ತದೆ. ನೆರೆಯವರು ‘ಯಾರು ನೀನು?’ ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆ ನನಗೆ ಹಳೆಯ ಪರಿಚಯ, ಮೇಷ್ಟ್ರೇ” ಎಂದು ಬರೆದ. ತಮ್ಮಂಥವರನ್ನೇ ಆರಿಸಿಕೊಳ್ಳುವುದಿಲ್ಲವೇ ಎಂದು ಅಲ್ಲಿಯ ಹೆಂಗಸೊಬ್ಬರನ್ನು ಅವನು ನೇರವಾಗಿಯೇ ಕೇಳಿದನಂತೆ. ಆಕೆ ಸ್ವಲ್ಪವೂ ಬೇಸರಪಡದೆ, “ನಮ್ಮ ಜಗಳಗಳಲ್ಲಿ ಅರ್ಧ ಅದೇ” ಎಂದರಂತೆ.

ಈ ಉತ್ತರ ನನಗೆ ಹಿಡಿಸಿತು. ಅಲ್ಲಿ ‘ಬೇಡ’ ಎನ್ನುವವನು ಹತ್ತು ಜನರ ಎದುರು ಕುಳಿತು ಬಾಯಿಬಿಟ್ಟು ಹೇಳಬೇಕು. ಎದುರು ಮಾತನ್ನು ಕೇಳಬೇಕು. ನಮ್ಮ ‘ನಿನ್ನೆಯೇ ಮಾತಾಗಿಹೋಯಿತು’ ಎಂಬ ಸುಳ್ಳಿಗೆ ಅಷ್ಟು ಶ್ರಮವೂ ಬೇಕಿಲ್ಲ, ಸಾಕ್ಷಿಯೂ ಇಲ್ಲ. ಇದನ್ನೇ ಅವನಿಗೆ ಬರೆದೆ. ಅವನ ಮರುಮಾತು ಚಿಕ್ಕದಾಗಿತ್ತು: “ನಿಜ, ಮೇಷ್ಟ್ರೇ. ಆದರೆ ಹೊರಗೆ ನಿಂತವನಿಗೂ ಆ ಸಭೆಯಲ್ಲಿ ಒಂದು ಕುರ್ಚಿ ಹಾಕಬೇಕು.”

ಅವನೀಗ ಬೆಂಗಳೂರಿಗೆ ಮರಳಿ, ಗೆಳೆಯರೊಡನೆ ಹತ್ತು ಮನೆಗಳ ಒಂದು ನಕ್ಷೆ ಬರೆಯುತ್ತಿದ್ದಾನೆ. ನಡುವೆ ದೊಡ್ಡ ಅಡಿಗೆಮನೆ ಇದೆಯಂತೆ. ಯಾರನ್ನು ಸೇರಿಸಿಕೊಳ್ಳಬೇಕೆಂಬ ಮಾತು ಮೂರು ಭಾನುವಾರಗಳಿಂದ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ. ಮುಗಿಸುವ ಅವಸರ ಅವನಿಗಿದ್ದಂತೆ ಕಾಣಲಿಲ್ಲ.