ಹೊಟ್ಟಿ ಹುಣ್ಣಿಗೆ ಖಾರ ಕಾರಣ ಅಲ್ರಿ



ಇವತ್ತು ಮೀಸಲಾತಿ, ಮೆರವಣಿಗಿ ಬಗ್ಗೆ ಬರೀತಿಲ್ಲ. ನಮ್ಮ ಮಂದಿಯ ಹೊಟ್ಟೆಯ ಬಗ್ಗೆ ಬರೀತಿದ್ದೀನಿ. ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ಮಹಾಲಿಂಗಪುರ ಅಂದ್ರ ಬೆಲ್ಲದ ಪ್ಯಾಟಿ. ಆ ಬೆಲ್ಲ ಹೊರುವ ಬೆನ್ನು ಯಾರದು ಅನ್ನೋದು ನಿಮಗೆ ಗೊತ್ತೇ ಐತಿ. ನಮ್ಮ ಕಾಕಾ 20 ವರ್ಷಕ್ಕಿಂತ ಹೆಚ್ಚು ಹಮಾಲಿ ಮಾಡಿದವರು. ರಾತ್ರಿ ಬೆನ್ನು ಹಿಡಿದರ ಅಂಗಡಿಯಿಂದ ಒಂದು ನೋವಿನ ಗುಳಿಗಿ. ಅದರಿಂದ ಹೊಟ್ಟಿ ಉರಿದರ ಒಂದು ಗ್ಯಾಸಿನ ಗುಳಿಗಿ. ಮುಂಜಾನೆ ಮತ್ತ ಕೆಲಸ. ನಮ್ಮ ಓಣಿಯೊಳಗ ಇಂಥವರು ಮನೆಗೊಬ್ಬರು ಸಿಗ್ತಾರ.

ಉರಿ ತಡೆಯಲಾಗದೆ ಒಬ್ಬ ಡಾಕ್ಟರ್ ಹತ್ರ ಹೋದರು. ಹೆಸರು ಬ್ಯಾಡ. ಅಂವ ಹೊಟ್ಟಿ ಮುಟ್ಟಿ ನೋಡುವ ಮೊದಲೇ ಕೇಳಿದ್ದು: "ಏನ್ ತಿಂತೀಯೋ? ನಿಮ್ಮ ಮಂದಿ ಖಾರ, ಮಟನ್, ಸೆರೆ ಬಿಡಂಗಿಲ್ಲ. ಹೊಟ್ಟಿ ಉರೀದ ಏನಾಗ್ತದ?" ನಮ್ಮ ಕಾಕಾ ಒಂದು ದಿನಾನೂ ಕುಡಿದವರಲ್ಲ. ಆದರೂ "ಹೌದ್ರಿ ಸಾಹೇಬ್ರ" ಅಂತ ತಲಿ ಬಗ್ಗಿಸಿ ಬಂದರು. ಮನ್ಯಾಗ ಮಟನ್ ನಿಂತಿತು, ಕೆಂಪು ಚಟ್ನಿ ನಿಂತಿತು. ರೊಟ್ಟಿ, ಮಜ್ಜಿಗಿ ಅಷ್ಟೇ. ಉರಿ ಮಾತ್ರ ನಿಲ್ಲಲಿಲ್ಲ.

ಆರು ತಿಂಗಳ ಮೇಲೆ ಸಂಡಾಸ ಡಾಂಬರಿನಂಗ ಕರ್ರಗ ಹೋಗಾಕ ಹತ್ತಿತು. ಎರಡನೇ ದಿನ ಪ್ಯಾಟ್ಯಾಗ ತಲಿ ತಿರುಗಿ ಬಿದ್ದರು. ಒಳಗೆ ರಕ್ತ ಸೋರುತ್ತಿತ್ತು. ದೊಡ್ಡ ದವಾಖಾನಿಯಲ್ಲಿ ಒಬ್ಬ ಹುಡುಗ ವಯಸ್ಸಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಬ್ಯಾರೆ: "ಅಜ್ಜಾರ, ಮೈಕೈ ನೋವಿಗೆ ಏನು ಗುಳಿಗಿ ತಗೋತೀರಿ?" ಎಂಡೋಸ್ಕೋಪಿ ಮಾಡಿದರು. ಸಣ್ಣ ಕರುಳಿನ ಆರಂಭದಲ್ಲಿ, ಅಂದರೆ ಡುವೋಡಿನಮ್‌ನಲ್ಲಿ, ಹುಣ್ಣು. ಜೊತೆಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು.

ಗೆಳೆಯರೇ, ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ಈ ಪೋಸ್ಟು. ಜಠರ ಮತ್ತು ಡುವೋಡಿನಮ್ ಹುಣ್ಣುಗಳಿಗೆ ಮುಖ್ಯ ಕಾರಣ ಎರಡು: ಈ ರೋಗಾಣು, ಮತ್ತು ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್‌ನಂಥ ನೋವಿನ ಗುಳಿಗೆಗಳು. ಖಾರ ಉರಿ ಹೆಚ್ಚಿಸಬಹುದು, ಹುಣ್ಣು ಮಾಡುವುದಿಲ್ಲ. ಬೀಡಿ-ಸಿಗರೇಟು ಹುಣ್ಣು ಮಾಯಲು ಬಿಡುವುದಿಲ್ಲ, ಅದನ್ನ ಬಿಡ್ರಿ. ಆದರೆ ನಮ್ಮ ತಟ್ಟೆಯ ಮೇಲೆ ಬೆರಳು ತೋರಿಸುವುದು ವೈದ್ಯವಲ್ಲ, ಜಾತಿ.

ಇದು ಹೊಸ ವಿಷಯವೂ ಅಲ್ಲ. ಒಂದು ಕಾಲಕ್ಕೆ ಹುಣ್ಣು ಅಂದ್ರ ಚಿಂತೆ, ಖಾರ, ಆಮ್ಲ ಅಂತಿದ್ದರು. ಜಠರದ ಭಾಗವನ್ನೇ ಕತ್ತರಿಸಿ ತೆಗೀತಿದ್ದರು. 1970ರ ದಶಕದಲ್ಲಿ ಸಿಮೆಟಿಡಿನ್, ಆಮೇಲೆ ರಾನಿಟಿಡಿನ್, 1980ರ ದಶಕದ ಕೊನೆಗೆ ಒಮೆಪ್ರಜೋಲ್ ಬಂದವು. ಆಮ್ಲ ಕಡಿಮೆಯಾಯ್ತು, ಹುಣ್ಣು ಮಾಯ್ತು. ಆದರೆ ಗುಳಿಗಿ ಬಿಟ್ಟ ಒಂದು ವರ್ಷದೊಳಗೆ ಬಹಳ ಮಂದಿಗೆ ಮತ್ತೆ ಬರ್ತಿತ್ತು, ಯಾಕಂದ್ರ ರೋಗಾಣು ಒಳಗೇ ಇತ್ತು.

1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಈ ರೋಗಾಣುವನ್ನು ಬೆಳೆಸಿ ತೋರಿಸಿದರು. ದೊಡ್ಡವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ರೋಗಾಣು ಕಲಸಿದ ದ್ರಾವಣವನ್ನು ತಾವೇ ಕುಡಿದು, ಕೆಲವೇ ದಿನದಲ್ಲಿ ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಷ್ಟೆಲ್ಲ ಆದ ಮೇಲೂ ನಮ್ಮ ಓಣಿಗೆ ಬಂದ ಔಷಧ "ಖಾರ ಬಿಡು" ಅನ್ನೋದೊಂದೇ!

ಕಾಕಾಗೆ 14 ದಿನದ ಕೋರ್ಸ್ ಕೊಟ್ಟರು: ಆಮ್ಲ ತಗ್ಗಿಸುವ ಗುಳಿಗಿ, ಬಿಸ್ಮತ್, ಎರಡು ಥರದ ಆಂಟಿಬಯೋಟಿಕ್. ನಾಲ್ಕನೇ ದಿನಕ್ಕೆ ಉರಿ ಹೋಯ್ತು, ಬಾಯಿ ಕಬ್ಬಿಣ ನೆಕ್ಕಿದಂಗ ಆಯ್ತು. "ಸಾಕು, ಆರಾಮ ಆಗೇನಿ" ಅಂದರು. ನಮ್ಮ ಚಿಗವ್ವ ಬಿಡಲಿಲ್ಲ. ಗ್ವಾಡಿ ಮ್ಯಾಲ ಸುಣ್ಣದಾಗ 14 ಗೆರೆ ಎಳೆದು, ದಿನಾ ಒಂದೊಂದು ಅಳಿಸಿದಳು. ಅರ್ಧಕ್ಕೆ ಬಿಟ್ಟರ ಉಳಿದ ರೋಗಾಣು ಔಷಧಕ್ಕೆ ಬಗ್ಗುವುದಿಲ್ಲ. ಭಾರತದಲ್ಲಿ ಮೆಟ್ರೊನಿಡಜೋಲ್‌ಗೆ ಬಗ್ಗದ ತಳಿಗಳು ಈಗಾಗಲೇ ಬಹಳ ಇವೆ. ಕ್ಲಾರಿಥ್ರೊಮೈಸಿನ್‌ಗೆ ಬಗ್ಗದ ಪೈಲೋರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಅಪಾಯದ ಪಟ್ಟಿಗೆ ಸೇರಿಸಿತ್ತು. ಅದಕ್ಕೇ ಹೇಳೋದು, ಅಂಗಡಿಯಲ್ಲಿ ಕೇಳಿ ಎರಡು ದಿನದ ಆಂಟಿಬಯೋಟಿಕ್ ನುಂಗಬ್ಯಾಡ್ರಿ.

ಕೋರ್ಸ್ ಮುಗಿದು ನಾಲ್ಕು ವಾರ ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರು, ರೋಗಾಣು ಇರಲಿಲ್ಲ. ಬೆನ್ನುನೋವಿಗೆ ಈಗ ಡಾಕ್ಟರ್ ಬರೆದುಕೊಟ್ಟ ಪ್ಯಾರಾಸಿಟಮಾಲ್. ಚಟ್ನಿ ವಾಪಸ್ ಬಂದೈತಿ.

ಈ ರೋಗಾಣು ಹೆಚ್ಚಾಗಿ ಬಾಲ್ಯದಲ್ಲೇ ಹತ್ತುತ್ತದೆ. ಒಂದೇ ಖೋಲಿಯಲ್ಲಿ ಏಳೆಂಟು ಮಂದಿ, ಶುದ್ಧ ನೀರಿಲ್ಲ, ಸಂಡಾಸಿಲ್ಲ ಅಂದ್ರ ಅದಕ್ಕೆ ಹಬ್ಬ. ಹತ್ತಿದವರಿಗೆಲ್ಲ ಹುಣ್ಣಾಗುವುದಿಲ್ಲ, ಆದರೆ ಇದು ಜಠರದ ಕ್ಯಾನ್ಸರಿಗೂ ಕಾರಣ ಅಂತ 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಘೋಷಿಸಿದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದು ಮಾನದ ಪ್ರಶ್ನೆ. ನಲ್ಲಿ ನೀರು ಕೇಳುವ ಇವತ್ತಿನ ನಮ್ಮ ಹೋರಾಟ ಮಾನದ್ದೂ ಹೌದು, ಹೊಟ್ಟೆಯದ್ದೂ ಹೌದು.

ಕೊನೆಗೆ ನಾಲ್ಕು ಮಾತು. ಕರ್ರಗೆ ಸಂಡಾಸ ಆದರ, ರಕ್ತ ವಾಂತಿ ಆದರ, ಅವತ್ತೇ ದವಾಖಾನಿಗೆ ಹೋಗ್ರಿ. ತಿಂಗಳುಗಟ್ಟಲೆ ಹೊಟ್ಟಿ ಉರಿದರ "ಪೈಲೋರಿ ಪರೀಕ್ಷಾ ಮಾಡ್ರಿ" ಅಂತ ನೀವೇ ಕೇಳ್ರಿ. ಮಲದ ಪರೀಕ್ಷೆಯಲ್ಲೂ, ಉಸಿರಿನ ಪರೀಕ್ಷೆಯಲ್ಲೂ ಗೊತ್ತಾಗ್ತದ. ನೋವಿನ ಗುಳಿಗಿ ತಗೋತಿದ್ದರ ಮುಚ್ಚಿಡಬ್ಯಾಡ್ರಿ. ಮತ್ತು ಸಂಘಟನೆಯವರೇ, ಈ ಪರೀಕ್ಷೆ ಮತ್ತು 14 ದಿನದ ಔಷಧ ತಾಲ್ಲೂಕು ಆಸ್ಪತ್ರೆಯಲ್ಲೇ ಪುಕ್ಕಟೆ ಸಿಗಬೇಕು ಅನ್ನೋದನ್ನ ಮುಂದಿನ ಮನವಿಪತ್ರದಲ್ಲಿ ಸೇರಿಸೋಣ.

ಹಮಾಲರು, ಕಬ್ಬು ಕಡಿಯುವವರು, ಮಗ್ಗದವರು ಇರುವ ಗುಂಪುಗಳಿಗೆ ಇದನ್ನ ಕಳಿಸ್ರಿ. ಓದಾಕ ಬರದವರಿಗೆ ಓದಿ ಹೇಳ್ರಿ.

ಜೈ ಭೀಮ್.