ಹವ್ಯಾಸಿಯ ಗಿಟಾರ್

ಹವ್ಯಾಸಕ್ಕೆಂದು ಗಿಟಾರ್ ನುಡಿಸುವವರು ವಾದ್ಯವನ್ನು ಕೈಗೆತ್ತಿಕೊಂಡಾಗ ಮೊದಲು ಮಾಡುವ ಕೆಲಸ ಶ್ರುತಿ ಸೇರಿಸುವುದು. ಆರು ತಂತಿಗಳಲ್ಲಿ ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 82 ಸಲ ಕಂಪಿಸಬೇಕು, ಅದರ ಪಕ್ಕದ್ದು 110 ಸಲ. ಹೀಗೆ ಏರುತ್ತ ಹೋಗಿ ಅತಿ ತೆಳುವಾದದ್ದು ಸುಮಾರು 330ನ್ನು ಮುಟ್ಟಬೇಕು. ಉಕ್ಕಿನ ತಂತಿಯ ಗಿಟಾರಿನಲ್ಲಿ ಈ ಆರೂ ಸೇರಿ ಮರವನ್ನು ಎಳೆಯುವ ಬಲ ಹತ್ತಿರಹತ್ತಿರ 70 ಕಿಲೋ ಭಾರಕ್ಕೆ ಸಮ. ಅಷ್ಟು ಎಳೆತದಲ್ಲಿ ನಿಂತ ಮರ ಹವೆಯ ತಂಪಿಗೂ ಸೆಕೆಗೂ ತುಸು ಬಾಗುತ್ತದೆ, ತಂತಿಯ ಬಿಗಿ ಅದರೊಂದಿಗೇ ಬದಲಾಗುತ್ತದೆ. ನಿನ್ನೆ ರಾತ್ರಿ ಸರಿಯಿದ್ದ ಶ್ರುತಿ ಇಂದು ಸಂಜೆ ಸರಿಯಿರುವುದು ಅಪರೂಪ.

ಬಿರಡೆಗಳ ಬಳಿ ಕಚ್ಚಿಸಿಡುವ ಪುಟ್ಟ ಟ್ಯೂನರ್ ಈ ಕೆಲಸವನ್ನು ಅರ್ಧ ನಿಮಿಷಕ್ಕೆ ಇಳಿಸಿದೆ. ಅದು ಮರದ ಕಂಪನವನ್ನೇ ಹಿಡಿದು ಮುಳ್ಳು ತೋರಿಸುವುದರಿಂದ ಮನೆಯಲ್ಲಿ ಟಿವಿ ಗದ್ದಲವಿದ್ದರೂ ಅಡ್ಡಿಯಿಲ್ಲ. ಹಾಗಿದ್ದರೂ ಕಿವಿಯಿಂದ ಶ್ರುತಿ ಮಾಡುವುದನ್ನು ಪ್ರತಿಯೊಬ್ಬ ಹವ್ಯಾಸಿಯೂ ಕಲಿಯಬೇಕು. ದಪ್ಪ ತಂತಿಯನ್ನು ಐದನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಪಕ್ಕದ ಬಿಡಿ ತಂತಿಯ ಸ್ವರವೇ ಬರಬೇಕು. ಒಂದು 110, ಇನ್ನೊಂದು 112 ಕಂಪನದಲ್ಲಿದ್ದರೆ ಎರಡೂ ಸೇರಿದ ನಾದ ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುವುದು ಸ್ಪಷ್ಟವಾಗಿ ಕೇಳುತ್ತದೆ. ಬಿರಡೆಯನ್ನು ಮೆಲ್ಲಗೆ ತಿರುಗಿಸುತ್ತ ಬಂದಂತೆ ಆ ಅಲೆ ನಿಧಾನವಾಗಿ, ಹಿಗ್ಗಿ, ಕೊನೆಗೆ ಇಲ್ಲವಾಗುತ್ತದೆ. ಮೂರನೆಯ ತಂತಿಯಿಂದ ಎರಡನೆಯದಕ್ಕೆ ಹೋಗುವಾಗ ಮಾತ್ರ ಐದರ ಬದಲು ನಾಲ್ಕನೆಯ ಫ್ರೆಟ್. ಈ ಅಲೆಯನ್ನು ಒಮ್ಮೆ ಗುರುತಿಸಿದ ಕಿವಿ ಆಮೇಲೆ ಅದನ್ನು ಎಲ್ಲೆಡೆ ಕೇಳುತ್ತದೆ. ದೇವಸ್ಥಾನದ ನಾಗಸ್ವರದಲ್ಲೂ, ಭಜನೆಯ ಹಾರ್ಮೋನಿಯಮ್ಮಿನಲ್ಲೂ.

ಇಷ್ಟು ಮಾಡಿದ ಮೇಲೂ ಗಿಟಾರ್ ಪೂರ್ತಿ ಶ್ರುತಿಗೆ ಸೇರುವುದಿಲ್ಲ. ಕರ್ನಾಟಕ ಅಥವಾ ಹಿಂದುಸ್ತಾನಿ ಸಂಗೀತ ಕೇಳಿ ಬೆಳೆದವರಿಗೆ ಇದು ಬೇಗ ಗೊತ್ತಾಗುತ್ತದೆ. ಗಿಟಾರಿನ ಫ್ರೆಟ್ಟುಗಳು ಸ್ಥಾಯಿಯನ್ನು ಸಮನಾದ 12 ಪಾಲು ಮಾಡುತ್ತವೆ. ಒಂದೊಂದು ಫ್ರೆಟ್ಟೂ ಉಳಿದ ತಂತಿಯ ಸುಮಾರು 17.8ರಲ್ಲಿ ಒಂದು ಭಾಗವನ್ನು ಕಡಿಯುತ್ತದೆ. ತಂತಿಯ ಉದ್ದ 648 ಮಿಲಿಮೀಟರ್ ಇದ್ದರೆ ಮೊದಲ ಫ್ರೆಟ್ 36 ಮಿಲಿಮೀಟರ್ ದಾಟಿ ಕೂರುತ್ತದೆ, 12ನೆಯದು ಸರಿಯಾಗಿ ಅರ್ಧದಲ್ಲಿ. ವಿಜ್ಞಾನಿ ಗೆಲಿಲಿಯೊನ ತಂದೆ ವಿನ್ಸೆಂಜೊ ಗೆಲಿಲಿ 1581ರ ತನ್ನ ಗ್ರಂಥದಲ್ಲಿ ಲ್ಯೂಟ್ ವಾದ್ಯಕ್ಕೆ ಇದಕ್ಕೆ ತೀರ ಹತ್ತಿರದ 18ರ ಲೆಕ್ಕವನ್ನು ಹೇಳಿದ್ದ. ಈ ಹಂಚಿಕೆಯಿಂದ ಯಾವ ಸ್ವರವನ್ನು ಷಡ್ಜ ಮಾಡಿಕೊಂಡರೂ ನುಡಿಸಬಹುದು. ಅದಕ್ಕೆ ತೆರುವ ಬೆಲೆ ಗಾಂಧಾರದಲ್ಲಿ ಕಾಣುತ್ತದೆ. ಒಂದು ಅರ್ಧಸ್ವರವನ್ನು 100 ಸೆಂಟ್ ಎಂದು ಅಳೆದರೆ, ತಂಬೂರಿಯ ಷಡ್ಜದೊಳಗಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರ 386ರಲ್ಲಿದೆ, ಗಿಟಾರಿನದು 400ರಲ್ಲಿ. ಆ 14 ಸೆಂಟಿನ ಏರು ತಂಬೂರಿಗೆ ಒಗ್ಗಿದ ಕಿವಿಗೆ ಮುಳ್ಳಿನಂತೆ ಚುಚ್ಚುತ್ತದೆ. ಇ ಮೇಜರ್ ಕಾರ್ಡ್ ಹಿಡಿದು ಮೂರನೆಯ ತಂತಿಯನ್ನು ಹಿತವಾಗುವಷ್ಟು ಇಳಿಸಿದರೆ, ಮರುಕ್ಷಣ ಜಿ ಮೇಜರ್ ಹಿಡಿದಾಗ ಅದೇ ತಂತಿ ಇಳಿದು ಕೇಳುತ್ತದೆ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುವುದರಿಂದ ಕಿವಿಗೊಪ್ಪುವಂತೆ ಮತ್ತೆ ಕೂರಿಸಬಹುದು. ಗಿಟಾರಿನ ಫ್ರೆಟ್ಟುಗಳನ್ನು ಮರದ ಸೀಳಿನೊಳಗೆ ಬಡಿದಿರುತ್ತಾರೆ. ಎಲ್ಲ ಕಾರ್ಡುಗಳೂ ತಕ್ಕಮಟ್ಟಿಗೆ ಸರಿಯೆನಿಸುವ ಒಂದು ನೆಲೆಯಲ್ಲಿ ಬಿರಡೆಯಿಂದ ಕೈ ತೆಗೆಯುವುದನ್ನು ಹವ್ಯಾಸಿ ಕಲಿಯಬೇಕಾಗುತ್ತದೆ. ಶ್ರುತಿಜ್ಞಾನ ಪಕ್ವವಾಗಿರುವವರಿಗೆ ಇದು ದೊಡ್ಡ ಕಷ್ಟ.

ಇನ್ನು ಬೆರಳುಗಳು. ತೆಳುವಾದ ಮೊದಲ ತಂತಿಯ ದಪ್ಪ ಸಾಮಾನ್ಯವಾಗಿ 0.3 ಮಿಲಿಮೀಟರ್. ಅಷ್ಟು ಸಣ್ಣ ಉಕ್ಕು ತುದಿಬೆರಳನ್ನು ಒತ್ತಿದಾಗ ನೋಯದೆ ಇರದು. ಕೆಲವು ವಾರಗಳಲ್ಲಿ ಚರ್ಮ ಜಡ್ಡುಗಟ್ಟುತ್ತದೆ, ನೋವು ಹೋಗುತ್ತದೆ. ಬಿಟ್ಟು ಬಿಟ್ಟು ನುಡಿಸುವವರಿಗೆ ಜಡ್ಡು ಕರಗಿ ಪ್ರತಿ ಸಲವೂ ಮೊದಲಿಂದ ನೋವು ತಿನ್ನುವ ಸ್ಥಿತಿ. ಆದ್ದರಿಂದ ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಮೇಲು. ನೈಲಾನ್ ತಂತಿಯ ಗಿಟಾರ್ ಬೆರಳಿಗೆ ಮೆದು. ಫ್ರೆಟ್ಟಿನ ಬೆನ್ನಿಗೇ ಬೆರಳಿಟ್ಟರೆ ಸಾಕಾಗುವ ಬಲ ಎರಡು ಫ್ರೆಟ್ಟುಗಳ ನಡುವೆ ಇಟ್ಟರೆ ಸಾಲದು, ತಂತಿ ಗುಂಯ್‌ಗುಡುತ್ತದೆ.

ಹೊಸಬರಲ್ಲಿ ಅನೇಕರು ಕೈಬಿಡುವುದು ಎಫ್ ಕಾರ್ಡಿನ ಬಳಿ. ತೋರುಬೆರಳೊಂದೇ ಮೊದಲ ಫ್ರೆಟ್ಟಿನಲ್ಲಿ ಆರೂ ತಂತಿಗಳನ್ನು ಅಡ್ಡಲಾಗಿ ಒತ್ತಬೇಕು, ಉಳಿದ ಮೂರು ಬೆರಳು ತಮ್ಮತಮ್ಮ ಜಾಗ ಹಿಡಿಯಬೇಕು. ಗೆಣ್ಣಿನ ಮಡಿಕೆಗೆ ಸಿಕ್ಕ ತಂತಿ ನುಡಿಯುವುದಿಲ್ಲ. ಬೆರಳನ್ನು ಮೂಳೆ ಗಟ್ಟಿಯಿರುವ ಪಕ್ಕಕ್ಕೆ ತುಸು ಹೊರಳಿಸಿ, ಹೆಬ್ಬೆರಳ ಹಿಡಿತಕ್ಕಿಂತ ತೋಳಿನ ಭಾರವನ್ನು ಹಿಂದಕ್ಕೆ ಎಳೆದು ಬಳಸಿದರೆ ದಾರಿ ತೆರೆಯುತ್ತದೆ. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು: ಅನೇಕ ಸಲ ತಪ್ಪು ಬೆರಳಿನದಲ್ಲ, ವಾದ್ಯದ್ದು. ಕಡಿಮೆ ಬೆಲೆಯ ಗಿಟಾರುಗಳಲ್ಲಿ ತಂತಿಗಳು ಹಾದುಹೋಗುವ ತಲೆಗಟ್ಟು, ಅಂದರೆ ನಟ್, ಬೇಕಾದದ್ದಕ್ಕಿಂತ ಎತ್ತರವಿರುತ್ತದೆ. ತಂತಿಗಳನ್ನೆಲ್ಲ ಅಡ್ಡಲಾಗಿ ಒತ್ತಿಹಿಡಿಯುವ ಕೇಪೊ ಎಂಬ ಕ್ಲಿಪ್ಪನ್ನು ಮೊದಲ ಫ್ರೆಟ್ಟಿಗೆ ಕಚ್ಚಿಸಿ ಅದೇ ಕೈ ಆಕಾರವನ್ನು ಒಂದು ಫ್ರೆಟ್ ಮುಂದೆ ಹಿಡಿದು ನೋಡಬೇಕು. ಆಗ ಥಟ್ಟನೆ ಸುಲಭವೆನಿಸಿದರೆ ನಟ್ಟಿನ ಗೀರುಗಳನ್ನು ತುಸು ಅರದಿಂದ ಉಜ್ಜಿಸಬೇಕು. ತಿಳಿದ ರಿಪೇರಿಯವರಿಗೆ ಅದು ಚಿಕ್ಕ ಕೆಲಸ. ತಮಗೆ ಸಂಗೀತ ಒಲಿಯುವುದಿಲ್ಲ ಎಂದುಕೊಂಡು ಗಿಟಾರನ್ನು ಅಟ್ಟಕ್ಕೆ ಹಾಕಿದ ಎಷ್ಟೋ ಜನರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಬೆರಳು ಗಿಡ್ಡ ಎಂಬ ಕೊರಗಿಗೂ ಹೆಚ್ಚು ಆಧಾರವಿಲ್ಲ. ಜಾಂಗೊ ರೈನ್‌ಹಾರ್ಟ್ 1928ರ ಬೆಂಕಿ ಅಪಘಾತದಲ್ಲಿ ಎಡಗೈಯ ಉಂಗುರಬೆರಳು, ಕಿರುಬೆರಳುಗಳ ಚಲನೆಯನ್ನು ಬಹುಮಟ್ಟಿಗೆ ಕಳೆದುಕೊಂಡ ಮೇಲೆಯೇ ಯುರೋಪಿನ ಜಾಝ್ ಗಿಟಾರಿನ ಮೊದಲ ಸಾಲಿನಲ್ಲಿ ನಿಂತದ್ದು.

ಕಾರ್ಡ್ ಹಿಡಿಯುವುದಕ್ಕಿಂತ ಕಷ್ಟ ಒಂದರಿಂದ ಇನ್ನೊಂದಕ್ಕೆ ಹೋಗುವುದು. ಸಿ ಮೇಜರಿನಿಂದ ಎ ಮೈನರಿಗೆ ಹೋಗುವಾಗ ತೋರುಬೆರಳು, ನಡುಬೆರಳು ಕದಲಬೇಕಾಗಿಲ್ಲ. ಉಂಗುರಬೆರಳೊಂದು ಐದನೆಯ ತಂತಿಯಿಂದ ಮೂರನೆಯದಕ್ಕೆ ಹಾರಿದರೆ ಆಯಿತು. ಹೀಗೆ ಕದಲದೆ ಉಳಿಯುವ ಬೆರಳನ್ನು ಹುಡುಕಿಟ್ಟುಕೊಳ್ಳುವುದು ಅಭ್ಯಾಸದ ಅರ್ಧ ಗುಟ್ಟು. ಉಳಿದರ್ಧ ಬಲಗೈಯದು. ಎಡಗೈ ತಡವಾಯಿತೆಂದು ಬಲಗೈ ನಿಲ್ಲಬಾರದು. ಸ್ವರ ತಪ್ಪಿದರೂ ಲಯ ತಪ್ಪದ ನುಡಿಸಾಣಿಕೆಯನ್ನು ಕೇಳುಗರು ಕೇಳುತ್ತಾರೆ, ಲಯ ಮುರಿದದ್ದನ್ನು ಕೇಳಲಾರರು. 1815ರಲ್ಲಿ ಮೆಲ್ಟ್ಸೆಲ್ ಪೇಟೆಂಟ್ ಪಡೆದ ಮೆಟ್ರೊನೋಮ್ ಈಗ ಮೊಬೈಲಿನೊಳಗೆ ಬಂದು ಕೂತಿದೆ. ನಿಮಿಷಕ್ಕೆ 60 ಬಡಿತಕ್ಕಿಟ್ಟು, ಪ್ರತಿ ನಾಲ್ಕು ಬಡಿತಕ್ಕೆ ಒಂದು ಕಾರ್ಡ್ ಬದಲಿಸುತ್ತ ಹೋಗುವುದು ಬೇಸರದ್ದಾದರೂ ಫಲ ಕೊಡುವ ಅಭ್ಯಾಸ. ಸಂಜೆ ಎಷ್ಟು ತಿಣುಕಿದರೂ ಬಾರದ ಬೆರಳಾಟ ಮರುದಿನ ಬೆಳಿಗ್ಗೆ ಸರಾಗವಾಗಿ ಬರುವುದೂ ಉಂಟು. ಕಲಿತ ಚಲನೆಗಳನ್ನು ಮೆದುಳು ನಿದ್ದೆಯಲ್ಲಿ ಗಟ್ಟಿಮಾಡಿಕೊಳ್ಳುತ್ತದೆ.

ಕೆಲಸ ಮುಗಿಸಿ ಬಂದವರಿಗೆ ಸಿಗುವ ಹೊತ್ತು ಸಾಮಾನ್ಯವಾಗಿ ರಾತ್ರಿಯದು. ಪಕ್ಕದ ಮನೆಯ ಗೋಡೆ, ಮಕ್ಕಳ ಪರೀಕ್ಷೆ ಎರಡನ್ನೂ ನೋಡಿಕೊಳ್ಳಬೇಕು. ಕುದುರೆಯ, ಅಂದರೆ ಬ್ರಿಡ್ಜಿನ, ಬಳಿ ತಂತಿಗಳ ಕೆಳಗೆ ಮಡಿಸಿದ ಬಟ್ಟೆ ತೂರಿಸಿದರೆ ನಾದ ಕೋಣೆ ದಾಟುವುದಿಲ್ಲ, ಬೆರಳಿನ ಅಭ್ಯಾಸಕ್ಕೆ ಅಷ್ಟೇ ಸಾಕು. ಗಿಟಾರನ್ನು ಚೀಲದೊಳಗಿಟ್ಟು ಬೀರುವಿನ ಮೇಲೆ ಇಡುವ ಮನೆಗಳಲ್ಲಿ ಅದು ಅಲ್ಲಿಯೇ ಉಳಿಯುತ್ತದೆ. ಕಣ್ಣಿಗೆ ಬೀಳುವಂತೆ, ಬಿಸಿಲು ತಾಗದ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು.

ಆದರೆ ಎಲ್ಲ ಊರಿನಲ್ಲೂ ಇದು ನಡೆಯದು. ಗಿಟಾರಿನ ಮರಕ್ಕೆ ಹಿತವಾದ ತೇವಾಂಶ ನೂರಕ್ಕೆ 45ರಿಂದ 55. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಗಾಳಿಯ ತೇವ ಇದನ್ನು ಎಷ್ಟೋ ಮೀರುತ್ತದೆ. ಮೇಲ್ಹಲಗೆ ಉಬ್ಬಿ ಕುದುರೆ ಎತ್ತರವಾಗುತ್ತದೆ, ತಂತಿ ಫ್ರೆಟ್ಟಿನಿಂದ ದೂರ ಸರಿದು ಒತ್ತುವುದು ಕಷ್ಟವಾಗುತ್ತದೆ. ಬೆವರು ತಾಗಿದ ತಂತಿಗೆ ಬೇಗ ತುಕ್ಕು. ಕಲಬುರಗಿ, ರಾಯಚೂರಿನ ಬೇಸಿಗೆ ಇದಕ್ಕೆ ತದ್ವಿರುದ್ಧ. ಒಣಗಿದ ಕತ್ತಿನ ಮರ ಕುಗ್ಗಿ ಫ್ರೆಟ್ಟುಗಳ ಅಂಚು ಕೈಗೆ ಕೊರೆಯುತ್ತದೆ, ಮೇಲ್ಹಲಗೆ ಸೀಳುವುದೂ ಇದೆ. ಪದರ ಅಂಟಿಸಿದ ಪ್ಲೈವುಡ್ಡಿನ ಗಿಟಾರ್ ಇದನ್ನು ತಾಳುತ್ತದೆ. ಅಖಂಡ ಹಲಗೆಯ, ಬೆಲೆಬಾಳುವ ಗಿಟಾರಿಗೆ ಇಂಥ ಊರುಗಳಲ್ಲಿ ಗಟ್ಟಿ ಪೆಟ್ಟಿಗೆಯೇ ತಕ್ಕ ಜಾಗ. ಕರಾವಳಿಯಲ್ಲಿ ಅದರೊಳಗೆ ತೇವ ಹೀರುವ ಪೊಟ್ಟಣ, ಬಯಲುಸೀಮೆಯ ಬೇಸಿಗೆಯಲ್ಲಿ ತುಸು ತೇವ ಕೊಡುವ ಸ್ಪಂಜು ಇಡುತ್ತಾರೆ.

ಆ ಮರದ ಸಂಗತಿ ಕನ್ನಡದ ನೆಲಕ್ಕೆ ನಂಟಿರುವಂಥದು. ಗಿಟಾರಿನ ಬೆನ್ನಿಗೆ, ಪಕ್ಕಕ್ಕೆ, ಬೆರಳಾಡುವ ಪಟ್ಟಿಗೆ ಲೋಕದ ಹಲವು ತಯಾರಕರು ಬಳಸುವ ಬೀಟೆ ಕೊಡಗು, ಮಲೆನಾಡುಗಳನ್ನೊಳಗೊಂಡ ಪಶ್ಚಿಮ ಘಟ್ಟದ ಮರ. 1833ರಲ್ಲಿ ಶುರುವಾದ ಅಮೆರಿಕದ ಮಾರ್ಟಿನ್ ಕಂಪನಿ ಬ್ರೆಜಿಲ್‌ನ ಬೀಟೆ ಸಿಗುವುದು ಕಷ್ಟವಾದಾಗ 1969ರಲ್ಲಿ ಭಾರತದ ಬೀಟೆಗೆ ಹೊರಳಿತು. 2017ರಿಂದ ಈ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ನಿಧಾನವಾಗಿ ಬೆಳೆಯುವ ಮರವಾದ್ದರಿಂದ, ಇರುವ ಗಿಟಾರನ್ನು ದಶಕಗಳ ಕಾಲ ಜೋಪಾನ ಮಾಡುವುದು ಕಾಡಿಗೂ ಒಳ್ಳೆಯದು.

ಹವ್ಯಾಸಿಗಳಲ್ಲಿ ಬಹುಮಂದಿಗೆ ಹತ್ತು ಹಾಡುಗಳ ಆರಂಭ ಗೊತ್ತಿರುತ್ತದೆ, ಒಂದರ ಕೊನೆಯೂ ಗೊತ್ತಿರುವುದಿಲ್ಲ. ಒಂದೇ ಹಾಡನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ನಿಲ್ಲದೆ ನುಡಿಸಬಲ್ಲವರು ಮುಂದಿನದನ್ನು ಬೇಗ ಕಲಿಯುತ್ತಾರೆ. ಕನ್ನಡದ ಹಾಡುಗಳಿಗೆ ಗಿಟಾರ್ ಹೊಂದಿಸುವಾಗ ಎರಡು ತೊಡಕು ಎದುರಾಗುತ್ತವೆ. ಮೊದಲನೆಯದು ತಾಳದ್ದು. ಇಂಗ್ಲಿಷ್ ಹಾಡುಗಳಿಂದ ಕಲಿತ ನಾಲ್ಕರ ನಡೆ ಎಂಟು ಮಾತ್ರೆಯ ಕೆಹರ್ವಾಕ್ಕೆ ಕೂಡುತ್ತದೆ. ಭಾವಗೀತೆಗಳಲ್ಲಿ ಹೇರಳವಾಗಿರುವ ಆರು ಮಾತ್ರೆಯ ದಾದ್ರಾಕ್ಕೆ ಬಲಗೈ ಮೇಲೆ ಕೆಳಗೆ ಆಡುವ ಕ್ರಮವನ್ನೇ ಬದಲಿಸಬೇಕು, ಮೊದಲ ಮತ್ತು ನಾಲ್ಕನೆಯ ಮಾತ್ರೆಗೆ ಒತ್ತು ಕೊಡಬೇಕು. ಎರಡನೆಯದು ರಾಗದ್ದು. ಶಂಕರಾಭರಣದ ಛಾಯೆಯ ಹಾಡಿಗೆ ಮೇಜರ್ ಕಾರ್ಡುಗಳು, ನಟಭೈರವಿಯದಕ್ಕೆ ಮೈನರ್ ಕಾರ್ಡುಗಳು ಸಲೀಸಾಗಿ ಕೂರುತ್ತವೆ, ಏಕೆಂದರೆ ಸ್ವರಗಳು ಅವೇ. ತೋಡಿಯಂಥ ರಾಗದ ಗಾಂಧಾರ ಒಂದು ಕಡೆ ನಿಲ್ಲದೆ ತೂಗುವಾಗ ಫ್ರೆಟ್ಟಿನ ಗಾಂಧಾರ ಅದನ್ನು ಕೆಡಿಸುತ್ತದೆ. ಅಂಥಲ್ಲಿ ಗಾಂಧಾರವನ್ನು ಬಿಟ್ಟು ಷಡ್ಜ ಪಂಚಮಗಳನ್ನಷ್ಟೇ ಮೀಟುವುದು ಒಳ್ಳೆಯದು. ಇಂಗ್ಲೆಂಡಿನ ಡೇವಿ ಗ್ರಹಾಂ 1960ರ ದಶಕದಲ್ಲಿ ಬಳಕೆಗೆ ತಂದ ಡಿ-ಎ-ಡಿ-ಜಿ-ಎ-ಡಿ ಶ್ರುತಿ ಇದಕ್ಕೆ ಹೇಳಿಮಾಡಿಸಿದಂತಿದೆ: ಬಿಡಿ ತಂತಿಗಳೇ ಸ-ಪ-ಸ-ಮ-ಪ-ಸ. ಫ್ರೆಟ್ಟಿನ ಕಟ್ಟನ್ನೇ ಬಿಟ್ಟು ತಂತಿಯ ಮೇಲೆ ಉಕ್ಕಿನ ಸಲಾಕೆ ಜಾರಿಸಿ ಗಮಕ ತಂದವರೂ ಇದ್ದಾರೆ. ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್ ಇರುವ 1967ರ ‘ಕಾಲ್ ಆಫ್ ದಿ ವ್ಯಾಲಿ’ ಆಲ್ಬಂ ಇದಕ್ಕೆ ಚೆಂದದ ಸಾಕ್ಷಿ. ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿನೊಂದಿಗೆ ಹೊಸ ತಲೆಮಾರಿಗೆ ಮುಟ್ಟಿಸಿದ ಮೈಸೂರಿನ ರಘು ದೀಕ್ಷಿತ್ ಹಿಡಿದದ್ದು ಬೇರೆ ದಾರಿ, ಅಲ್ಲಿ ಲಯಕ್ಕೇ ಪ್ರಾಧಾನ್ಯ.

ನುಡಿಸಲು ಕಲಿತವರ ಕೇಳುವ ಬಗೆಯೂ ಬದಲಾಗುತ್ತದೆ. ಮಣಿರತ್ನಂ ಅವರ ಮೊದಲ ಚಿತ್ರ, 1983ರ ‘ಪಲ್ಲವಿ ಅನುಪಲ್ಲವಿ’ಗೆ ಇಳಯರಾಜ ಕೊಟ್ಟ ಸಂಗೀತವನ್ನು ಹಾಡುಗಾರರ ದನಿಗಾಗಿ ಕೇಳುತ್ತಿದ್ದವರು, ಗಿಟಾರ್ ಹಿಡಿದ ಮೇಲೆ ಅದರ ಕೆಳಗೆ ನಡೆಯುವ ಬೇಸ್ ತಂತಿಯ ಜಾಡು ಹಿಡಿಯುತ್ತಾರೆ. ಕಾರ್ಡ್ ಎಲ್ಲಿ ಬದಲಾಯಿತು, ಪಿಟೀಲು ಯಾವಾಗ ಸರಿದು ಜಾಗ ಬಿಟ್ಟಿತು ಎಂಬುದು ತಾನಾಗಿ ಕೇಳತೊಡಗುತ್ತದೆ. ವೇದಿಕೆ ಏರದ ಹವ್ಯಾಸಿಗೆ ಈ ಕಿವಿಯೇ ದೊಡ್ಡ ಗಳಿಕೆ. ಬೆರಳ ವೇಗ ವಯಸ್ಸಿನೊಂದಿಗೆ ಕುಗ್ಗಿದರೂ ಇದು ಬೆಳೆಯುತ್ತಲೇ ಇರುತ್ತದೆ.

ಹಾಡುವವರ ಜೊತೆ ನುಡಿಸುವಾಗ ಆ ಕಿವಿಗೆ ಕೆಲಸ ಬೀಳುತ್ತದೆ. ಹಾಡುವವರು ತಮ್ಮ ಶ್ರುತಿ ‘ಒಂದೂವರೆ’ ಎನ್ನಬಹುದು, ಹಾರ್ಮೋನಿಯಂ ಬಲ್ಲವರಾದರೆ ‘ಕಪ್ಪು ಒಂದು’ ಎನ್ನಬಹುದು. ಎರಡೂ ಸಿ ಶಾರ್ಪ್. ಮೊದಲ ಫ್ರೆಟ್ಟಿಗೆ ಕೇಪೊ ಹಾಕಿ ಸಿ ಆಕಾರದ ಕಾರ್ಡುಗಳನ್ನು ಹಿಡಿದರೆ ಶ್ರುತಿ ಕೂಡುತ್ತದೆ. ಹೆಂಗಸರ ದನಿಗೆ ಸಾಮಾನ್ಯವಾದ ‘ಐದೂವರೆ’ಗೆ ಅದೇ ಜಾಗದಲ್ಲಿ ಕೇಪೊ, ಜಿ ಆಕಾರಗಳು. ಆರೂ ತಂತಿಗಳನ್ನು ಬಾರಿಸುತ್ತ ಹೋದರೆ ದನಿ ಮುಳುಗುತ್ತದೆ. ಸಾಹಿತ್ಯವಿರುವಲ್ಲಿ ಎರಡು ಮೂರು ತಂತಿ ಮೀಟಿ, ಬಿಡುವಿನಲ್ಲಿ ತುಂಬಿ ಕೊಡುವುದು ಸರಿಯಾದ ಕ್ರಮ. ಆಲಾಪ ತೆಗೆದಾಗ ಷಡ್ಜದ ಕಾರ್ಡೊಂದನ್ನು ಹಿಡಿದು ಕಾಯಬೇಕು. ಯಾರು ಮೊದಲು ಎತ್ತಿಕೊಳ್ಳುವುದು, ಪಲ್ಲವಿ ಎಷ್ಟು ಸಲ, ನಿಲ್ಲಿಸುವುದು ಎಲ್ಲಿ ಎಂಬುದನ್ನು ಶುರು ಮಾಡುವ ಮೊದಲೇ ಮಾತಾಡಿಕೊಂಡಿದ್ದರೆ ಅಷ್ಟಾಗಿ ತಾಲೀಮಿಲ್ಲದ ಇಬ್ಬರೂ ಹಾಡನ್ನು ಒಟ್ಟಿಗೇ ಮುಗಿಸಬಹುದು.